ಹಳೆ ಮಾರುತಿ 800 ಕೈಕೊಟ್ಟಾಗ: ಕರೆಂಟೋ ಪೆಟ್ರೋಲೋ ಕಂಡುಹಿಡಿಯುವ ಸಮಗ್ರ ಮಾರ್ಗದರ್ಶಿ

ಸೆಕೆಂಡ್ ಹ್ಯಾಂಡ್ ಮಾರುತಿ 800 ಅಥವಾ ಓಮ್ನಿ ತಗೊಂಡವರ ದೂರು ಹೆಚ್ಚುಕಡಿಮೆ ಒಂದೇ. ಗಾಡಿ ಸ್ಟಾರ್ಟ್ ಆಗ್ತಿಲ್ಲ, ಇಲ್ಲವೇ ಸ್ಟಾರ್ಟ್ ಆದರೂ ಜರ್ಕ್ ಹೊಡೆಯುತ್ತದೆ. ಕಾರ್ಬುರೇಟರ್ (ಪೆಟ್ರೋಲನ್ನು ಗಾಳಿ ಜೊತೆ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ) ಬಿಚ್ಚಿ ಕ್ಲೀನ್ ಮಾಡಿಸಿದ್ದಾಯಿತು. ಪ್ಲಗ್ ಹೊಸದು ಹಾಕಿದ್ದಾಯಿತು. ಪೆಟ್ರೋಲ್ ಪಂಪೂ ಬದಲಾಯಿತು. ಸಮಸ್ಯೆ ಮಾತ್ರ ಇದ್ದಲ್ಲೇ ಇದೆ.

ಬಹುಪಾಲು ಸಲ ಇಲ್ಲಿ ಎಡವುವುದು ಕ್ರಮದಲ್ಲಿ. ಕೆಟ್ಟಿರುವುದು ಕರೆಂಟೋ ಪೆಟ್ರೋಲೋ ಎಂದು ತೀರ್ಮಾನ ಆಗುವ ಮೊದಲೇ ಕಾರ್ಬುರೇಟರ್‌ಗೆ ಕೈ ಹಾಕುತ್ತಾರೆ. ಸಾಲಿನಲ್ಲಿ ಅದು ಕೊನೆಗೆ ಬರಬೇಕು. ಮೊದಲು ಬ್ಯಾಟರಿ, ಆಮೇಲೆ ಸ್ಪಾರ್ಕ್, ಟೈಮಿಂಗ್ (ಕಿಡಿ ಹಾರುವ ಸಮಯ), ಪೆಟ್ರೋಲ್ ಬರುವ ದಾರಿ, ಕಡೆಗೆ ಕಾರ್ಬುರೇಟರ್. ಕೆಳಗಿನದೆಲ್ಲ ಇದೇ ಕ್ರಮದಲ್ಲಿದೆ. ಹಂತ ಹಾರಬೇಡಿ.

ಇದು ಕಾರ್ಬುರೇಟರ್ ಇರುವ 800 ಮತ್ತು ಓಮ್ನಿಗೆ, ಅಂದರೆ 796 ಸಿಸಿಯ ಮೂರು ಸಿಲಿಂಡರ್ ಎಂಜಿನ್‌ಗೆ ಬರೆದದ್ದು. ಪ್ರೀಮಿಯರ್ ಪದ್ಮಿನಿ, ಹಳೆ ಕಾರ್ಬುರೇಟರ್ ಝೆನ್ ಇದ್ದವರಿಗೂ ಕ್ರಮ ಇದೇ, ಅಳತೆಗಳು ಬೇರೆ. ಎಂಪಿಎಫ್‌ಐ ಗಾಡಿಯವರಿಗೆ (ಕಾರ್ಬುರೇಟರ್ ಬದಲು ಇಂಜೆಕ್ಟರ್‌ನಿಂದ ಪೆಟ್ರೋಲ್ ಕೊಡುವ ಗಾಡಿ) ಕೊನೆಯ ಕಡೆ ಒಂದು ಭಾಗ ಇದೆ.

## ಮೊದಲು ಇವು ಕೈಯಲ್ಲಿರಲಿ

ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು, ದುಬಾರಿಯದ್ದು ಬೇಡ. 12 ವೋಲ್ಟ್ ಬಲ್ಬಿಗೆ ಎರಡು ವೈರ್ ಕಟ್ಟಿ ಮಾಡಿದ ಟೆಸ್ಟ್ ಲ್ಯಾಂಪ್ ಇರಲಿ. ಪ್ಲಗ್ ಸ್ಪ್ಯಾನರ್ ಬೇಕು. ಹಳೆ ಎಂಜಿನ್‌ಗಳ ಪ್ಲಗ್‌ಗೆ ಹೆಚ್ಚಾಗಿ 21 ಎಂಎಂ, ಕೆಲವಕ್ಕೆ 16 ಎಂಎಂ ಕೂರುತ್ತದೆ. ಗ್ಯಾಪ್ ನೋಡಲು ಫೀಲರ್ ಗೇಜ್, ಪಾಯಿಂಟ್ (ಕಿಡಿಗಾಗಿ ಕರೆಂಟ್ ಕೂಡಿಸಿ ಬಿಡಿಸುವ ಸಣ್ಣ ಸ್ವಿಚ್) ಉಜ್ಜಲು ನುಣುಪಾದ ಎಮರಿ ಪೇಪರ್, ಒಂದು ಕಾರ್ಬುರೇಟರ್ ಕ್ಲೀನರ್ ಸ್ಪ್ರೇ, ಪೆಟ್ರೋಲ್ ಹಿಡಿಯಲು ಪಾರದರ್ಶಕ ಗಾಜಿನ ಬಾಟಲಿ, ರಬ್ಬರ್ ಹಿಡಿಕೆಯ ಇಕ್ಕಳ. ಮಾಸ್ಕಿಂಗ್ ಟೇಪ್ ಮತ್ತು ಪೆನ್ನು ಮರೆಯಬೇಡಿ. ಬಿಚ್ಚಿದ ವೈರಿಗೆಲ್ಲ ನಂಬರ್ ಅಂಟಿಸಲು ಅದು ಬೇಕೇ ಬೇಕು.

ಟೈಮಿಂಗ್ ಲೈಟ್ ಮತ್ತು ಕಂಪ್ರೆಶನ್ (ಸಿಲಿಂಡರ್ ಒಳಗಿನ ಒತ್ತಡ) ಅಳೆಯುವ ಗೇಜ್ ಇದ್ದರೆ ಒಳ್ಳೆಯದು. ಕೊಳ್ಳಲೇಬೇಕೆಂದಿಲ್ಲ, ಪರಿಚಯದ ಗ್ಯಾರೇಜಿನಿಂದ ಒಂದು ದಿನದ ಮಟ್ಟಿಗೆ ಕೇಳಿ ತರಬಹುದು.

## ಕೈ ಹಾಕುವ ಮುನ್ನ ಎಚ್ಚರಿಕೆ

ಒಂದೇ ಬಾನೆಟ್ ಕೆಳಗೆ ಕಿಡಿಯನ್ನೂ ಪೆಟ್ರೋಲನ್ನೂ ಹೊರಗೆ ತೆಗೆದು ನೋಡುವ ಕೆಲಸ ಇದು. ಅವೆರಡನ್ನೂ ಒಟ್ಟಿಗೆ ಮಾಡಬೇಡಿ. ಸ್ಪಾರ್ಕ್ ನೋಡುವಾಗ ಪೆಟ್ರೋಲ್ ಬಾಟಲಿ, ಒದ್ದೆ ಬಟ್ಟೆ ದೂರ ಇರಲಿ. ಪೆಟ್ರೋಲ್ ನೋಡುವಾಗ ಕಾಯಿಲ್‌ಗೆ (ಬ್ಯಾಟರಿಯ ವೋಲ್ಟೇಜ್ ಏರಿಸಿ ಕಿಡಿ ಹುಟ್ಟಿಸುವ ಭಾಗ) ಬರುವ ಸಣ್ಣ ವೈರ್ ಕಿತ್ತಿಟ್ಟು ಕರೆಂಟ್ ಬಂದ್ ಮಾಡಿ. ಮುಚ್ಚಿದ ಶೆಡ್ಡಿನಲ್ಲಿ ಬೇಡ, ಬಯಲಲ್ಲಿ ಮಾಡಿ. ಒಣ ಪೌಡರ್ ಅಗ್ನಿಶಾಮಕ ಕೈಗೆಟುಕುವ ಕಡೆ ಇರಲಿ.

ಗಾಡಿ ನ್ಯೂಟ್ರಲ್‌ನಲ್ಲಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿ. 800ರ ರೇಡಿಯೇಟರ್ ಫ್ಯಾನ್ ಕರೆಂಟಿನದ್ದು. ಎಂಜಿನ್ ಬಿಸಿ ಇದ್ದರೆ ಹೇಳದೆ ಕೇಳದೆ ತಿರುಗಲು ಶುರು ಮಾಡಬಹುದು. ಕೈ, ಲುಂಗಿ, ದುಪಟ್ಟಾ ದೂರ.

## ಹಂತ 1: ಲಕ್ಷಣ ಸರಿಯಾಗಿ ಗುರುತಿಸಿ

'ಸ್ಟಾರ್ಟ್ ಪ್ರಾಬ್ಲಂ' ಅಂದರೆ ಏನೂ ಹೇಳಿದಂತಾಗುವುದಿಲ್ಲ. ಬೆಳಗ್ಗೆ ತಣ್ಣಗಿದ್ದಾಗ ಮಾತ್ರವೇ, ಬಿಸಿಯಾದ ಮೇಲೆಯೇ? ಮಳೆ ಬಂದ ದಿನವೇ? ಘಾಟಿ ಹತ್ತುವಾಗ ಜೀವ ಹೋಗುತ್ತದೆಯೇ, ಸಿಗ್ನಲ್‌ನಲ್ಲಿ ನಿಂತಾಗಲೇ? ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ಗಾಡಿ ನಿಲ್ಲುವ ರೀತಿಯೂ ಸುಳಿವು ಕೊಡುತ್ತದೆ. ಸ್ವಿಚ್ ಆಫ್ ಮಾಡಿದಂತೆ ಒಮ್ಮೆಲೇ ಸತ್ತರೆ ಬಹುತೇಕ ಕರೆಂಟ್. ಎರಡು ಮೂರು ಸಲ ಮುಗ್ಗರಿಸಿ, ರೇಸ್ ಒತ್ತಿದರೂ ಎಳೆಯದೆ, ನಿಧಾನಕ್ಕೆ ಸತ್ತರೆ ಬಹುತೇಕ ಪೆಟ್ರೋಲ್. ಮಳೆಯಲ್ಲಿ ಮಾತ್ರ ಮಿಸ್ಸಿಂಗ್ (ನಡುನಡುವೆ ಸಿಲಿಂಡರ್ ಉರಿಯದೆ ಹೋಗುವುದು) ಆದರೆ ಪ್ಲಗ್ ವೈರ್, ಅಥವಾ ಡೆಲ್ಕೋ (ಡಿಸ್ಟ್ರಿಬ್ಯೂಟರ್, ಪ್ಲಗ್‌ಗಳಿಗೆ ಸರದಿಯಂತೆ ಕರೆಂಟ್ ಹಂಚುವ ಭಾಗ) ಮೇಲಿನ ಕ್ಯಾಪ್. ಹೊರಟು ಸ್ವಲ್ಪ ದೂರ ಹೋದ ಮೇಲೆ ಪ್ರತಿ ಸಲ ನಿಂತರೆ ಟ್ಯಾಂಕಿನ ಮುಚ್ಚಳ ಅಥವಾ ಫಿಲ್ಟರ್. ಇವು ಅನುಮಾನಗಳಷ್ಟೇ. ಪರೀಕ್ಷೆ ಮಾಡದೆ ಸುಮ್ನೆ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಓಡಬೇಡಿ.

## ಹಂತ 2: ಬ್ಯಾಟರಿ ಮತ್ತು ಅರ್ಥ್

ಐದು ನಿಮಿಷದ ಕೆಲಸ. ಗಾಡಿ ನಿಂತು ಕೆಲವು ಗಂಟೆಗಳಾದ ಮೇಲೆ ಬ್ಯಾಟರಿಗೆ ಮೀಟರ್ ಹಿಡಿಯಿರಿ. 12.6 ವೋಲ್ಟ್ ಬಂದರೆ ಫುಲ್ ಚಾರ್ಜ್, 12.2 ಅಂದರೆ ಅರ್ಧ ಖಾಲಿ. ಈಗ ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ ನೋಡಿ. ಸೆಲ್ಫ್ ತಿರುಗುವಾಗ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿ ಅಥವಾ ಟರ್ಮಿನಲ್ ಸರಿಯಿಲ್ಲ.

ಇದು ಯಾಕೆ ಮುಖ್ಯ? ಸೆಲ್ಫ್ ಹೇಗೋ ತಿರುಗುತ್ತಿರುತ್ತದೆ, ಆದರೆ ಕಾಯಿಲ್‌ಗೆ ಉಳಿದ ವೋಲ್ಟೇಜ್ ಸಾಲದು. ಸ್ಪಾರ್ಕ್ ಬಡವಾಗುತ್ತದೆ, ಪ್ಲಗ್ ಒದ್ದೆಯಾಗುತ್ತದೆ, ನೋಡಿದವರು 'ಕಾರ್ಬುರೇಟರ್ ಓವರ್‌ಫ್ಲೋ' ಅನ್ನುತ್ತಾರೆ. ತಳ್ಳಿದರೆ ಸ್ಟಾರ್ಟ್ ಆಗುವ, ಸೆಲ್ಫ್‌ಗೆ ಆಗದ ಗಾಡಿ ಇದ್ದರೆ ಮೊದಲು ಇಲ್ಲೇ ನೋಡಿ.

ಟರ್ಮಿನಲ್ ಮೇಲಿನ ಬಿಳಿ ಹಸಿರು ಪುಡಿಯನ್ನು ಬಿಸಿನೀರು, ಅಡುಗೆ ಸೋಡಾ ಹಾಕಿ ತೊಳೆದು ಬಿಗಿ ಮಾಡಿ. ಬ್ಯಾಟರಿಯ ನೆಗೆಟಿವ್‌ನಿಂದ ಬಾಡಿಗೆ, ಗೇರ್‌ಬಾಕ್ಸ್‌ಗೆ ಹೋಗುವ ಅರ್ಥ್ ಪಟ್ಟಿ ಬಿಚ್ಚಿ, ತುಕ್ಕು ಉಜ್ಜಿ, ಮತ್ತೆ ಬಿಗಿಯಿರಿ. ಕರಾವಳಿಯ ಗಾಡಿಗಳಲ್ಲಿ ಈ ಅರ್ಥ್ ಪಟ್ಟಿ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಪುಡಿಯಾಗಿರುತ್ತದೆ.

ಒಂದು ನಿಯಮ: ಸೆಲ್ಫ್ ಒಮ್ಮೆಗೆ ಐದಾರು ಸೆಕೆಂಡ್ ಮಾತ್ರ. ಮಧ್ಯೆ ಅರ್ಧ ನಿಮಿಷ ಬಿಡುವು ಕೊಡಿ.

## ಹಂತ 3: ಕರೆಂಟೋ ಪೆಟ್ರೋಲೋ, ಇಲ್ಲೇ ತೀರ್ಮಾನ

ಇಡೀ ಮಾರ್ಗದರ್ಶಿಯಲ್ಲಿ ಇದೊಂದು ಹಂತ ಸರಿಯಾಗಿ ಮಾಡಿದರೆ ಅರ್ಧ ಖರ್ಚು ಉಳಿಯುತ್ತದೆ.

ಸ್ಟಾರ್ಟ್ ಮಾಡಲು ನಾಲ್ಕೈದು ಸಲ ಪ್ರಯತ್ನಿಸಿ, ತಕ್ಷಣ ಒಂದು ಪ್ಲಗ್ ಬಿಚ್ಚಿ. ವೈರ್ ಹಿಡಿದು ಎಳೆಯಬೇಡಿ, ರಬ್ಬರ್ ಕ್ಯಾಪ್ ಹಿಡಿದು ಎಳೆಯಿರಿ. ಪ್ಲಗ್ ತುದಿ ನೋಡಿ, ಮೂಸಿ. ಒಣಗಿದೆಯೋ, ಪೆಟ್ರೋಲ್‌ನಲ್ಲಿ ನೆಂದಿದೆಯೋ ಬರೆದುಕೊಳ್ಳಿ. ಪ್ಲಗ್ ಒರೆಸಿ, ಅದನ್ನು ವೈರಿಗೆ ಸಿಕ್ಕಿಸಿ, ಪ್ಲಗ್‌ನ ಲೋಹದ ಭಾಗ ಎಂಜಿನ್ ಬಾಡಿಗೆ ಗಟ್ಟಿಯಾಗಿ ತಾಗುವಂತೆ ಇಡಿ. ಪ್ಲಗ್ ತೂತಿನಿಂದ ಪೆಟ್ರೋಲ್ ಹಬೆ ಹೊರಗೆ ಬರುತ್ತದೆ. ಆದ್ದರಿಂದ ತೂತಿಗೆ ಒಣ ಬಟ್ಟೆ ತುರುಕಿ, ಪ್ಲಗ್ ಅನ್ನು ಅದರಿಂದ ದೂರ ಇರಿಸಿ. ಕೈಯಲ್ಲಿ ಹಿಡಿಯಬೇಡಿ, ಇಕ್ಕಳದಲ್ಲಿ ಹಿಡಿಯಿರಿ. ಈಗ ಸೆಲ್ಫ್ ಹೊಡೆಸಿ.

ಬೇಕಾಗಿರುವುದು ನೀಲಿ ಬಣ್ಣದ, ಟಕ್ ಟಕ್ ಸದ್ದು ಮಾಡುವ ಸ್ಪಾರ್ಕ್. ಹಗಲಲ್ಲೂ ಕಾಣಬೇಕು. ಹಳದಿ, ಕೆಂಪು ಬಣ್ಣದ ಸಣಕಲು ಸ್ಪಾರ್ಕ್ ಬಂದರೆ ಅದನ್ನು 'ಕರೆಂಟ್ ಇದೆ' ಎಂದು ಲೆಕ್ಕ ಹಾಕಬೇಡಿ. ಸಿಲಿಂಡರ್ ಒಳಗಿನ ಒತ್ತಡದಲ್ಲಿ ಅದು ಹಾರುವುದೇ ಇಲ್ಲ. ಜನ ಜಾಸ್ತಿ ಮೋಸ ಹೋಗುವುದು ಇಲ್ಲೇ.

ಈಗ ಉತ್ತರ ಸಿಗುತ್ತದೆ:

1. ಸ್ಪಾರ್ಕ್ ಇಲ್ಲ ಅಥವಾ ಹಳದಿ: ಹಂತ 4ಕ್ಕೆ ಹೋಗಿ. ಪ್ಲಗ್ ಒದ್ದೆ ಇದ್ದರೂ ಕಾರ್ಬುರೇಟರ್ ಮುಟ್ಟಬೇಡಿ.
2. ನೀಲಿ ಸ್ಪಾರ್ಕ್, ಪ್ಲಗ್ ಒಣ: ಪೆಟ್ರೋಲ್ ಬರುತ್ತಿಲ್ಲ. ಹಂತ 6.
3. ನೀಲಿ ಸ್ಪಾರ್ಕ್, ಪ್ಲಗ್ ಒದ್ದೆ: ಟೈಮಿಂಗ್ ತಪ್ಪಿದೆ, ಇಲ್ಲವೇ ಪೆಟ್ರೋಲ್ ಜಾಸ್ತಿಯಾಗಿದೆ. ಹಂತ 5, ನಂತರ 7.

ಎರಡನೆಯದು ಖಚಿತವಾಗಬೇಕಾದರೆ ಹೀಗೆ ಮಾಡಿ. ಏರ್ ಫಿಲ್ಟರ್ ತೆಗೆದು ಕಾರ್ಬುರೇಟರ್ ಬಾಯಿಗೆ ಕ್ಲೀನರ್ ಸ್ಪ್ರೇ ಒಂದು ಸೆಕೆಂಡ್ ಮಾತ್ರ ಹೊಡೆಯಿರಿ. ಫಿಲ್ಟರ್ ಮುಚ್ಚಳ ವಾಪಸ್ ಇಟ್ಟ ಮೇಲೆಯೇ ಸೆಲ್ಫ್. ಬ್ಯಾಕ್‌ಫೈರ್ ಆದರೆ ಆ ಬಾಯಿಂದ ಬೆಂಕಿ ಮೇಲಕ್ಕೆ ಬರುತ್ತದೆ, ಮುಖ ಅಡ್ಡ ಇರಬಾರದು. ಎಂಜಿನ್ ಎರಡು ಸೆಕೆಂಡ್ ಓಡಿ ಸತ್ತರೆ ಕರೆಂಟ್ ಚೆನ್ನಾಗಿದೆ, ಪೆಟ್ರೋಲ್ ತಲುಪುತ್ತಿಲ್ಲ.

ಎಲ್‌ಪಿಜಿ ಕಿಟ್ ಇರುವ ಓಮ್ನಿಯವರಿಗೆ ಇನ್ನೂ ಸುಲಭ. ಗ್ಯಾಸ್‌ನಲ್ಲಿ ನಯವಾಗಿ ಓಡಿ ಪೆಟ್ರೋಲ್‌ನಲ್ಲಿ ಓಡದಿದ್ದರೆ ಇಗ್ನಿಷನ್, ಅಂದರೆ ಕರೆಂಟಿನ ಕಡೆ ನೋಡುವುದೇ ಬೇಡ. ನೇರ ಹಂತ 6. ಎರಡರಲ್ಲೂ ಮಿಸ್ಸಿಂಗ್ ಇದ್ದರೆ ಹಂತ 4.

## ಹಂತ 4: ಕರೆಂಟಿನ ದಾರಿ ಹಿಡಿದು ಹೋಗುವುದು

ಕರೆಂಟ್ ಹರಿಯುವ ದಾರಿ ಇದು: ಬ್ಯಾಟರಿ, ಇಗ್ನಿಷನ್ ಸ್ವಿಚ್, ಕಾಯಿಲ್, ಡೆಲ್ಕೋ, ಪ್ಲಗ್ ವೈರ್, ಪ್ಲಗ್. ಮಧ್ಯದಿಂದ ಹಿಡಿದರೆ ಬೇಗ ಸಿಗುತ್ತದೆ.

ಕಾಯಿಲ್‌ನಿಂದ ಡೆಲ್ಕೋ ಕ್ಯಾಪಿನ ನಡುವಿಗೆ ಬರುವ ದಪ್ಪ ವೈರ್ ಕಿತ್ತು, ಅದರ ತುದಿಗೆ ಒಂದು ಪ್ಲಗ್ ಸಿಕ್ಕಿಸಿ, ಆ ಪ್ಲಗ್ ಅನ್ನು ಎಂಜಿನ್ ಬಾಡಿಗೆ ತಾಗಿಸಿ ಸೆಲ್ಫ್ ಹೊಡೆಸಿ. ಇಲ್ಲಿ ನೀಲಿ ಸ್ಪಾರ್ಕ್ ಬಂದು ಸಿಲಿಂಡರ್ ಪ್ಲಗ್‌ಗಳಲ್ಲಿ ಬರದಿದ್ದರೆ ಕೆಟ್ಟಿರುವುದು ಕ್ಯಾಪ್, ರೋಟರ್ (ಕ್ಯಾಪ್ ಒಳಗೆ ತಿರುಗುವ ತುಂಡು) ಅಥವಾ ಪ್ಲಗ್ ವೈರ್. ಇಲ್ಲೂ ಬರದಿದ್ದರೆ ಕಾಯಿಲ್ ಅಥವಾ ಪಾಯಿಂಟ್ ಕಡೆ. ವೈರನ್ನು ಗಾಳಿಯಲ್ಲಿ ತೂಗಲು ಬಿಟ್ಟು ಸೆಲ್ಫ್ ಹೊಡೆಯಬೇಡಿ. ಎಲೆಕ್ಟ್ರಾನಿಕ್ ಇಗ್ನಿಷನ್ ಇದ್ದರೆ ಮಾಡ್ಯೂಲ್ (ಪಾಯಿಂಟ್ ಬದಲು ಇರುವ ಎಲೆಕ್ಟ್ರಾನಿಕ್ ಸ್ವಿಚ್) ಸುಟ್ಟುಹೋಗಬಹುದು.

ಕಾಯಿಲ್. ಕೀ ಆನ್ ಮಾಡಿ, ಟೆಸ್ಟ್ ಲ್ಯಾಂಪಿನ ಒಂದು ವೈರ್ ಎಂಜಿನ್ ಬಾಡಿಗೆ ತಾಗಿಸಿ, ಇನ್ನೊಂದನ್ನು ಕಾಯಿಲ್‌ನ ಪ್ಲಸ್‌ಗೆ ಹಿಡಿಯಿರಿ. ಉರಿಯದಿದ್ದರೆ ಫ್ಯೂಸ್, ಕೀ ಸ್ವಿಚ್, ಅಥವಾ ವೈರ್. ಮಲೆನಾಡಿನಲ್ಲಿ, ತೋಟದ ಮನೆಗಳಲ್ಲಿ ನಿಲ್ಲುವ ಗಾಡಿಯಾದರೆ ಇಲಿ ಕಡಿದಿದೆಯೇ ಅಂತ ಮೊದಲು ನೋಡಿ. ಉರಿದರೆ ಲ್ಯಾಂಪ್ ಅನ್ನು ಮೈನಸ್‌ಗೆ ತಂದು ಸೆಲ್ಫ್ ಹೊಡೆಸಿ. ಮಿಣುಕಿದರೆ ಪಾಯಿಂಟ್ ಅಥವಾ ಮಾಡ್ಯೂಲ್ ತನ್ನ ಕೆಲಸ ಮಾಡುತ್ತಿದೆ. ಆರದೆ ಉರಿಯುತ್ತಲೇ ಇದ್ದರೆ ಪಾಯಿಂಟ್ ಕೂಡುತ್ತಿಲ್ಲ, ಇಲ್ಲವೇ ವೈರ್ ತುಂಡಾಗಿದೆ. ಉರಿಯದೇ ಹೋದರೆ ಪಾಯಿಂಟ್ ತೆರೆಯುತ್ತಿಲ್ಲ, ಕಂಡೆನ್ಸರ್ (ಪಾಯಿಂಟ್ ಸುಡದಂತೆ ಕಾಯುವ ಸಣ್ಣ ಡಬ್ಬಿ) ಶಾರ್ಟ್ ಆಗಿದೆ, ಅಥವಾ ಕಾಯಿಲ್ ಒಳಗೇ ತುಂಡಾಗಿದೆ.

ಕಾಯಿಲ್ ಅಳೆಯುವುದಾದರೆ ವೈರ್‌ಗಳನ್ನು ಬಿಚ್ಚಿ ಅಳೆಯಿರಿ. ಪ್ಲಸ್ ಮತ್ತು ಮೈನಸ್ ನಡುವೆ ಪಾಯಿಂಟ್ ಗಾಡಿಗಳಲ್ಲಿ ಸುಮಾರು 3 ಓಮ್, ರೆಸಿಸ್ಟರ್ ಜೊತೆ ಬರುವ ಕಾಯಿಲ್‌ಗಳಲ್ಲಿ ಒಂದೂವರೆ ಓಮ್ ಆಸುಪಾಸು. ನಡುವಿನ ತೂತಿಗೂ ಪ್ಲಸ್‌ಗೂ ಸಾವಿರಗಳ ಲೆಕ್ಕದಲ್ಲಿ, ಸಾಮಾನ್ಯವಾಗಿ 7ರಿಂದ 15 ಸಾವಿರ ಓಮ್. ಮೀಟರ್ ಏನೂ ತೋರಿಸದಿದ್ದರೆ ಕಾಯಿಲ್ ಸತ್ತಿದೆ. ಮೀಟರ್ ಸರಿ ತೋರಿಸಿದರೂ ಕಾಯಿಲ್ ಬಿಸಿಯಾದಾಗ ಕೈಕೊಡುವುದುಂಟು. ಅದರ ವಿಷಯ ಹಂತ 8ರಲ್ಲಿ.

ಪಾಯಿಂಟ್ ಮತ್ತು ಕಂಡೆನ್ಸರ್. ಡೆಲ್ಕೋ ಕ್ಯಾಪ್ ತೆಗೆದರೆ ಪಾಯಿಂಟ್ ಇದೆಯೋ, ಎಲೆಕ್ಟ್ರಾನಿಕ್ ಪಿಕಪ್ ಇದೆಯೋ ಗೊತ್ತಾಗುತ್ತದೆ. ಪಾಯಿಂಟ್ ಇದ್ದರೆ ಅದರ ಮುಖ ನೋಡಿ. ಒಂದು ಕಡೆ ಗುಳಿ, ಇನ್ನೊಂದು ಕಡೆ ಗುಡ್ಡ ಬೆಳೆದಿದ್ದರೆ ಕಂಡೆನ್ಸರ್ ಸರಿಯಿಲ್ಲ. ಪಾಯಿಂಟ್ ಮಾತ್ರ ಬದಲಾಯಿಸಿದರೆ ಹೊಸದೂ ಬೇಗ ಹಾಗೇ ಆಗುತ್ತದೆ. ಸೆಲ್ಫ್ ಹೊಡೆಯುವಾಗ ಪಾಯಿಂಟ್ ನಡುವೆ ದೊಡ್ಡ ನೀಲಿ ಕಿಡಿ, ಪ್ಲಗ್‌ನಲ್ಲಿ ಹಳದಿ ಕಿಡಿ ಬಂದರೂ ಅದೇ ಅರ್ಥ. ಎರಡನ್ನೂ ಒಟ್ಟಿಗೆ ಬದಲಾಯಿಸಿ.

ಗ್ಯಾಪ್ ನೋಡಲು ಗಾಡಿಯನ್ನು ಟಾಪ್ ಗೇರ್‌ಗೆ ಹಾಕಿ ನಿಧಾನ ತಳ್ಳಿ, ಪಾಯಿಂಟ್ ಪೂರ್ತಿ ತೆರೆದ ಜಾಗಕ್ಕೆ ತನ್ನಿ. 0.4ರಿಂದ 0.5 ಎಂಎಂ ಇರಬೇಕು. ಫೀಲರ್ ಗೇಜಿನ ಎಣ್ಣೆ ಒರೆಸಿಯೇ ಒಳಗೆ ತೂರಿಸಿ. ಪಾಯಿಂಟ್ ಮೇಲೆ ಎಣ್ಣೆ ಅಂಟಿದರೆ ಸುಟ್ಟು ಕರಿಯಾಗಿ ಮತ್ತೆ ಕರೆಂಟ್ ಹೋಗುತ್ತದೆ. ಗ್ಯಾಪ್ ಬದಲಾಯಿಸಿದರೆ ಟೈಮಿಂಗೂ ಬದಲಾಗುತ್ತದೆ, ಅದಕ್ಕೇ ಮೊದಲು ಗ್ಯಾಪ್, ಆಮೇಲೆ ಟೈಮಿಂಗ್.

ಕ್ಯಾಪ್ ಮತ್ತು ರೋಟರ್. ಕ್ಯಾಪಿನ ಒಳಗೆ ಪೆನ್ಸಿಲ್ ಗೆರೆಯಂತೆ ಕಪ್ಪು ದಾರಿ ಕಂಡರೆ ಅದು ಬಿರುಕು ಅಥವಾ ಕರೆಂಟ್ ಸುಟ್ಟ ಗುರುತು. ಕರೆಂಟ್ ಅಲ್ಲೇ ಸೋರುತ್ತಿದೆ. ಉಜ್ಜಿದರೆ ಹೋಗುವುದಿಲ್ಲ, ಹೊಸದು ಹಾಕಿ. ನಡುವಿನ ಕಾರ್ಬನ್ ಕಡ್ಡಿ ಒತ್ತಿದರೆ ಒಳಗೆ ಹೋಗಿ ಹೊರಗೆ ಪುಟಿಯಬೇಕು. ಅದು ಸವೆದು ಮಾಯವಾಗಿರುವುದು ಈ ವಯಸ್ಸಿನ ಗಾಡಿಗಳಲ್ಲಿ ಮಾಮೂಲಿ. ರೋಟರ್ ಅಡಿಭಾಗವನ್ನೂ ತಿರುಗಿಸಿ ನೋಡಿ, ಬಿರುಕು ಅಲ್ಲೂ ಅಡಗಿರುತ್ತದೆ.

ಪ್ಲಗ್ ವೈರ್. ಕತ್ತಲಾದ ಮೇಲೆ ಎಂಜಿನ್ ಓಡುವಾಗ ಬಾನೆಟ್ ತೆರೆದು ಲೈಟ್ ಆರಿಸಿ. ವೈರ್ ಮೇಲೆ ಸಣ್ಣ ನೀಲಿ ಮಿಂಚು ಓಡಿದರೆ ಕರೆಂಟ್ ಸೋರುತ್ತಿದೆ. ಕಾಣದಿದ್ದರೆ ಬಟ್ಟೆ ಇಸ್ತ್ರಿಗೆ ಬಳಸುವ ನೀರಿನ ಸ್ಪ್ರೇಯಿಂದ ವೈರ್ ಮೇಲೆ ಮಂಜಿನಂತೆ ಚಿಮುಕಿಸಿ. ತಕ್ಷಣ ಮಿಸ್ಸಿಂಗ್ ಶುರುವಾದರೆ ಮಳೆಗಾಲದ ಒಗಟು ಬಗೆಹರಿದಂತೆ. ಮೂರೂ ವೈರ್ ಒಟ್ಟಿಗೆ ಬದಲಾಯಿಸಿ.

ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಎಂದು ತಿಳಿಯಲು ಎಂಜಿನ್ ಆಫ್ ಇದ್ದಾಗ ಒಂದು ಪ್ಲಗ್ ವೈರ್ ತೆಗೆದು, ಅದಕ್ಕೆ ಬೇರೊಂದು ಪ್ಲಗ್ ಸಿಕ್ಕಿಸಿ ಬಾಡಿಗೆ ತಾಗಿಸಿ ಕಟ್ಟಿ, ಎಂಜಿನ್ ಸ್ಟಾರ್ಟ್ ಮಾಡಿ. ಹೀಗೆ ಒಂದೊಂದಾಗಿ ಮೂರೂ. ಯಾವುದನ್ನು ತೆಗೆದರೂ ಎಂಜಿನ್ ಇನ್ನಷ್ಟು ಕುಗ್ಗಬೇಕು. ತೆಗೆದರೂ ವ್ಯತ್ಯಾಸ ಆಗದಿದ್ದರೆ ಸತ್ತಿರುವುದು ಅದೇ ಸಿಲಿಂಡರ್. ಆ ಪ್ಲಗ್ ಅನ್ನು ಪಕ್ಕದ ಸಿಲಿಂಡರ್‌ಗೆ ಹಾಕಿ. ಸಮಸ್ಯೆ ಜೊತೆಗೇ ಹೋದರೆ ಪ್ಲಗ್, ಅಲ್ಲೇ ಉಳಿದರೆ ವೈರ್ ಅಥವಾ ಕಂಪ್ರೆಶನ್.

ಪ್ಲಗ್ ಬಣ್ಣ. ಕಂದು ಅಥವಾ ಬೂದು ಮಿಶ್ರಿತ ಕಂದು ಇದ್ದರೆ ಚೆನ್ನಾಗಿದೆ. ಒಣ ಮಸಿ ಕಟ್ಟಿದ್ದರೆ ಪೆಟ್ರೋಲ್ ಜಾಸ್ತಿ ಅಥವಾ ಸ್ಪಾರ್ಕ್ ಬಡ. ಎಣ್ಣೆಜಿಡ್ಡು ಇದ್ದರೆ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ. ಸುಣ್ಣದಂತೆ ಬಿಳಿ, ಮೇಲೆ ಗುಳ್ಳೆ ಇದ್ದರೆ ಪೆಟ್ರೋಲ್ ಕಡಿಮೆಯಾಗಿ ಎಂಜಿನ್ ಸುಡುತ್ತಿದೆ, ಹಾಗೇ ಓಡಿಸಬೇಡಿ. ಗ್ಯಾಪ್ 0.7ರಿಂದ 0.8 ಎಂಎಂ.

## ಹಂತ 5: ವೈರ್ ಕ್ರಮ ಮತ್ತು ಟೈಮಿಂಗ್

ಟೈಮಿಂಗ್ ಬೆಲ್ಟ್ ಇರುವ ಕಡೆಯಿಂದ ಸಿಲಿಂಡರ್ 1, 2, 3. ಫೈರಿಂಗ್ ಕ್ರಮ 1-3-2. ರೋಟರ್ ಯಾವ ಕಡೆ ತಿರುಗುತ್ತದೆ ಎಂದು ಕ್ಯಾಪ್ ತೆಗೆದು ಸೆಲ್ಫ್ ಮುಟ್ಟಿಸಿ ನೋಡಿ, ಆ ದಿಕ್ಕಿನಲ್ಲೇ 1-3-2 ವೈರ್ ಕೂರಬೇಕು. 'ನಿನ್ನೆ ಪ್ಲಗ್ ಕ್ಲೀನ್ ಮಾಡಿದೆ, ಇವತ್ತು ಸ್ಟಾರ್ಟ್ ಆಗ್ತಿಲ್ಲ' ಅನ್ನುವವರು ಬೇರೆಲ್ಲೂ ಹುಡುಕಬೇಡಿ.

ಕಾರ್ಬುರೇಟರ್ ಬಾಯಿಂದ ಪಟಾಕಿಯಂತೆ ಸಿಡಿದರೆ ಟೈಮಿಂಗ್ ಅಥವಾ ವೈರ್ ಕ್ರಮ ತಪ್ಪಿರಬಹುದು, ಪೆಟ್ರೋಲ್ ತೀರಾ ಕಡಿಮೆಯೂ ಇರಬಹುದು. ಸೈಲೆನ್ಸರ್‌ನಲ್ಲಿ ಸಿಡಿದರೆ ಉರಿಯದ ಪೆಟ್ರೋಲ್ ಹೊರಗೆ ಹೋಗುತ್ತಿದೆ, ಮಿಸ್ಸಿಂಗ್ ಇದೆ. ಸೆಲ್ಫ್ ಹೊಡೆದಾಗ ಎಂಜಿನ್ ಹಿಂದಕ್ಕೆ ಒದ್ದಂತಾದರೆ ಟೈಮಿಂಗ್ ಮುಂದೆ ಹೋಗಿದೆ, ಅಂದರೆ ಕಿಡಿ ಬೇಗ ಹಾರುತ್ತಿದೆ.

ಟೈಮಿಂಗ್ ಲೈಟ್ ಇಲ್ಲದೆ ಡೆಲ್ಕೋ ಬೋಲ್ಟ್ ಸಡಿಲ ಮಾಡುವ ಮುನ್ನ ಅದರ ಈಗಿನ ಜಾಗಕ್ಕೆ ಗೀರು ಹಾಕಿಕೊಳ್ಳಿ. ಇನ್ನೊಂದು ಸುಲಭ ಪರೀಕ್ಷೆ: ಡೆಲ್ಕೋ ಪಕ್ಕದ ತಟ್ಟೆಗೆ ಹೋಗುವ ಸಣ್ಣ ವ್ಯಾಕ್ಯೂಮ್ ಪೈಪ್ ಕಿತ್ತು ಬಾಯಿಂದ ಹೀರಿ. ಒಳಗಿನ ಪ್ಲೇಟ್ ಸರಿಯಬೇಕು, ಹೀರಿ ಹಿಡಿದರೆ ಹಾಗೇ ನಿಲ್ಲಬೇಕು. ಗಾಳಿ ಸುಮ್ನೆ ಬರುತ್ತಿದ್ದರೆ ಡಯಾಫ್ರಮ್ (ಒಳಗಿನ ರಬ್ಬರ್ ಪೊರೆ) ಹರಿದಿದೆ. ಗಾಡಿ ಎಳೆಯದೆ ಪೆಟ್ರೋಲ್ ಜಾಸ್ತಿ ಕುಡಿಯುವುದಕ್ಕೆ ಇದೂ ಒಂದು ಕಾರಣ, ಯಾರೂ ನೋಡುವುದಿಲ್ಲ.

## ಹಂತ 6: ಟ್ಯಾಂಕಿನಿಂದ ಕಾರ್ಬುರೇಟರ್ ತನಕ

ಪೆಟ್ರೋಲ್ ಇದೆಯೇ? ಗೇಜ್ ನಂಬಬೇಡಿ. ಇಷ್ಟು ಹಳೆ ಗಾಡಿಯಲ್ಲಿ ಕಾಲು ಟ್ಯಾಂಕ್ ತೋರಿಸುವ ಮುಳ್ಳಿಗೆ ಬೆಲೆಯಿಲ್ಲ. ಎರಡು ಲೀಟರ್ ಹಾಕಿ ನೋಡುವುದು ಉತ್ತಮ.

ಮುಚ್ಚಳ. ಗಾಡಿ ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ತೆರೆಯಿರಿ. 'ಸುಸ್' ಎಂದು ಗಾಳಿ ಒಳಗೆ ಎಳೆದುಕೊಂಡು, ಆಮೇಲೆ ಸ್ಟಾರ್ಟ್ ಆದರೆ ಗಾಳಿ ಹೋಗುವ ತೂತು ಕಟ್ಟಿದೆ. ದುಬಾರಿ ಪಂಪ್ ಬದಲಾಯಿಸಿದ ಮೇಲೂ ಉಳಿಯುವ ರೋಗ ಇದೇ.

ಪಂಪ್. 800ರಲ್ಲಿ ಕ್ಯಾಮ್‌ಶಾಫ್ಟ್ ಒತ್ತುವ ಮೆಕ್ಯಾನಿಕಲ್ ಪಂಪ್ ಇದೆ. ಕಾಯಿಲ್ ವೈರ್ ಕಿತ್ತಿಟ್ಟು, ಕಾರ್ಬುರೇಟರ್‌ಗೆ ಹೋಗುವ ಪೈಪ್ ತೆಗೆದು ಗಾಜಿನ ಬಾಟಲಿಗೆ ಬಿಡಿ. ಸೆಲ್ಫ್ ಹೊಡೆದಾಗ ಪೆಟ್ರೋಲ್ ಚಿಮ್ಮಿ ಚಿಮ್ಮಿ ಬರಬೇಕು. ತೊಟ್ಟಿಕ್ಕಿದರೆ ಸಾಲದು. ಬರದಿದ್ದರೆ ಪಂಪ್ ಎಂದು ತೀರ್ಮಾನ ಮಾಡಬೇಡಿ. ಮೊದಲು ಫಿಲ್ಟರ್ ತೆಗೆದು ಊದಿ ನೋಡಿ. ಆಮೇಲೆ ಪಂಪ್‌ಗೆ ಟ್ಯಾಂಕಿನ ಬದಲು ಬಾಟಲಿಯಿಂದ ಸಣ್ಣ ಪೈಪ್ ಕೊಡಿ. ಹೀಗೆ ಕೊಟ್ಟಾಗ ಎಳೆದರೆ ಪಂಪ್ ಚೆನ್ನಾಗಿದೆ, ತಪ್ಪು ಹಿಂದಿನ ಪೈಪಿನಲ್ಲಿದೆ.

ಆ ಪೈಪ್ ಬಗ್ಗೆ ಒಂದು ಮಾತು. ಟ್ಯಾಂಕಿನಿಂದ ಪಂಪ್ ತನಕ ಪೆಟ್ರೋಲ್ ಹೀರುವ ಭಾಗ. ಅಲ್ಲಿ ಬಿರುಕಿದ್ದರೆ ಪೆಟ್ರೋಲ್ ಹೊರಗೆ ಸೋರದೆ ಗಾಳಿ ಒಳಗೆ ಹೋಗಬಹುದು. ಕೆಳಗೆ ಒದ್ದೆ ಕಾಣುವುದಿಲ್ಲ, ವಾಸನೆಯೂ ಬರದಿರಬಹುದು. ರಬ್ಬರ್ ಪೈಪ್ ಬಗ್ಗಿಸಿ ನೋಡಿ, ಸೀಳು ಕಂಡರೆ ಬದಲಾಯಿಸಿ.

ಅಪಾಯದ ಸೂಚನೆ. ಎಂಜಿನ್ ಆಯಿಲ್ ಕಡ್ಡಿ ಎಳೆದು ಮೂಸಿ. ಆಯಿಲ್ ಮಟ್ಟ ಏರಿದ್ದು ಪೆಟ್ರೋಲ್ ವಾಸನೆ ಬಂದರೆ ಪಂಪ್ ಡಯಾಫ್ರಮ್ ಹರಿದು ಪೆಟ್ರೋಲ್ ಒಳಗೆ ಇಳಿಯುತ್ತಿರಬಹುದು. ಆ ಗಾಡಿಯನ್ನು ಮತ್ತೆ ಸ್ಟಾರ್ಟ್ ಮಾಡಬೇಡಿ. ಪಂಪ್ ಬದಲಾಯಿಸಿ, ಆಯಿಲ್ ಮತ್ತು ಆಯಿಲ್ ಫಿಲ್ಟರ್ ಬದಲಾಯಿಸಿ.

ನೀರು ಮತ್ತು ಇ20. ಬಾಟಲಿಯಲ್ಲಿ ಹಿಡಿದ ಪೆಟ್ರೋಲನ್ನು ಅರ್ಧ ಗಂಟೆ ಅಲುಗಾಡಿಸದೆ ಇಡಿ. ತಳದಲ್ಲಿ ಬೇರೆ ಪದರ, ಕೆಂಪು ತುಕ್ಕು ಕಂಡರೆ ಟ್ಯಾಂಕ್ ಖಾಲಿ ಮಾಡಿ ತೊಳೆಸಬೇಕು. ಈಗ ಬಂಕ್‌ಗಳಲ್ಲಿ ಸಿಗುವುದು ಬಹುತೇಕ 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲ್, ಅಂದರೆ ಇ20. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ಒಂದು ಮಿತಿಯವರೆಗೆ ನೀರು ಕಾಣಿಸುವುದೇ ಇಲ್ಲ, ಮಿತಿ ದಾಟಿದರೆ ಎಥನಾಲ್ ಮತ್ತು ನೀರು ಎರಡೂ ಸೇರಿ ತಳಕ್ಕೆ ಇಳಿಯುತ್ತವೆ. ಎಂಜಿನ್ ಮೊದಲು ಹೀರುವುದು ತಳದ್ದನ್ನೇ, ಅಲ್ವಾ? ಮಳೆಗಾಲದಲ್ಲಿ ವಾರಗಟ್ಟಲೆ ಅರೆ ಟ್ಯಾಂಕ್‌ನಲ್ಲಿ ನಿಲ್ಲಿಸಿದ ಗಾಡಿಗಳು ಸ್ಟಾರ್ಟ್ ಆಗದಿರಲು ಇದೊಂದು ಕಾರಣ.

ಎಥನಾಲ್ ಹಳೆ ಟ್ಯಾಂಕಿನ ಕೊಳೆಯನ್ನೂ ಬಿಡಿಸಿ ತರುತ್ತದೆ, ಹಳೆ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಫಿಲ್ಟರ್ ಬೇಗ ಬೇಗ ಬದಲಾಯಿಸಿ. ಪೈಪ್ ಕೊಳ್ಳುವಾಗ ಎಥನಾಲ್ ತಡೆಯುವ ಪೈಪ್ ಎಂದೇ ಕೇಳಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದಲ್ಲ ಒಂದು ಅಂಗಡಿಯಲ್ಲಿ ಸಿಗುತ್ತದೆ. ಮೀಟರ್ ಲೆಕ್ಕದ ಅಗ್ಗದ ಪಾರದರ್ಶಕ ಪ್ಲಾಸ್ಟಿಕ್ ಪೈಪ್ ಹಾಕುವ ಚಾಳಿ ಮಾತ್ರ ಬೇಡ. ಎಂಜಿನ್ ಬಿಸಿಗೆ ಅದು ಗಟ್ಟಿಯಾಗಿ ಸೀಳುತ್ತದೆ. ಬೆಂಕಿ ಹತ್ತುವುದು ಹೀಗೆಯೇ.

ಎಲ್‌ಪಿಜಿ ಕಿಟ್ ಇದ್ದರೆ ಪೆಟ್ರೋಲ್ ಪೈಪಿನ ಮಧ್ಯೆ ಒಂದು ಸೊಲೆನಾಯ್ಡ್ ವಾಲ್ವ್ (ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್) ಇರುತ್ತದೆ. ಸ್ವಿಚ್ ಪೆಟ್ರೋಲ್‌ಗೆ ತಂದಾಗ 'ಟಕ್' ಸದ್ದು ಬರದಿದ್ದರೆ ಪೆಟ್ರೋಲ್ ಅಲ್ಲೇ ನಿಂತಿದೆ.

## ಹಂತ 7: ಈಗ ಕಾರ್ಬುರೇಟರ್

ಇಲ್ಲಿಯವರೆಗಿನ ಎಲ್ಲವೂ ಸರಿ ಇದ್ದರೆ ಮಾತ್ರ ಇಲ್ಲಿಗೆ ಬನ್ನಿ. ಬಿಚ್ಚದೆಯೇ ನೋಡಬಹುದಾದ್ದು ಬೇಕಾದಷ್ಟಿದೆ.

1. ಎಂಜಿನ್ ಆಫ್ ಮಾಡಿ, ಕಾರ್ಬುರೇಟರ್ ಬಾಯೊಳಗೆ ಟಾರ್ಚ್ ಬಿಟ್ಟು, ರೇಸ್ ಕೇಬಲ್ ಕೈಯಿಂದ ಎಳೆಯಿರಿ. ಪೆಟ್ರೋಲ್ ಸಣ್ಣ ಧಾರೆಯಾಗಿ ಚಿಮ್ಮಬೇಕು. ಚಿಮ್ಮದಿದ್ದರೆ ಫ್ಲೋಟ್ ಚೇಂಬರ್ (ಕಾರ್ಬುರೇಟರ್ ಒಳಗೆ ಪೆಟ್ರೋಲ್ ನಿಲ್ಲುವ ಬಟ್ಟಲು) ಖಾಲಿ ಅಥವಾ ಆಕ್ಸಿಲರೇಟರ್ ಪಂಪ್ ಕೆಟ್ಟಿದೆ. ರೇಸ್ ಕೊಟ್ಟ ಕೂಡಲೇ ಒಮ್ಮೆ ಮುಗ್ಗರಿಸಿ ಆಮೇಲೆ ಎಳೆಯುವ ಗಾಡಿಯಲ್ಲಿ ಈ ಪಂಪನ್ನೇ ನೋಡಿ.

2. ಕಾರ್ಬುರೇಟರ್ ಪಕ್ಕದಲ್ಲಿ ಗಾಜಿನ ಸಣ್ಣ ಕಿಂಡಿ ಇದ್ದರೆ, ಪೆಟ್ರೋಲ್ ಮಟ್ಟ ಅದರ ನಡುವಿನ ಗುರುತಿನ ಹತ್ತಿರ ಇರಬೇಕು. ಮೇಲಿದ್ದರೆ ಫ್ಲೋಟ್ ನೀಡಲ್ ಕೂರುತ್ತಿಲ್ಲ, ಓವರ್‌ಫ್ಲೋ. ತೀರಾ ಕೆಳಗಿದ್ದರೆ ಹಂತ 6ಕ್ಕೆ ವಾಪಸ್.

3. ಕೀ ಆನ್ ಮಾಡಿದಾಗ ಕಾರ್ಬುರೇಟರ್ ಮೇಲಿನ ಸೊಲೆನಾಯ್ಡ್ 'ಟಿಕ್' ಅನ್ನಬೇಕು. ಇಲ್ಲದಿದ್ದರೆ ಐಡ್ಲಿಂಗ್‌ಗೆ ಪೆಟ್ರೋಲ್ ಬರುವುದಿಲ್ಲ. ರೇಸ್ ಹಿಡಿದರೆ ಓಡುತ್ತದೆ, ಬಿಟ್ಟರೆ ಆಫ್ ಆಗುತ್ತದೆ. ಎಷ್ಟೋ ಸಲ ಅದರ ವೈರ್ ಕಳಚಿರುತ್ತದೆ ಅಷ್ಟೇ.

4. ಚೋಕ್ ಎಳೆದಾಗ ಮೇಲಿನ ತಟ್ಟೆ ಪೂರ್ತಿ ಮುಚ್ಚಬೇಕು, ಬಿಟ್ಟಾಗ ಪೂರ್ತಿ ತೆರೆಯಬೇಕು. ಅರ್ಧ ಸಿಕ್ಕಿಕೊಂಡ ಚೋಕ್ ಕಪ್ಪು ಹೊಗೆ ಕೊಡುತ್ತದೆ.

ಓವರ್‌ಫ್ಲೋ ಆಗಿ ಸ್ಟಾರ್ಟ್ ಆಗದಿದ್ದರೆ ಚೋಕ್ ಒಳಗೆ ತಳ್ಳಿ, ರೇಸ್ ಪೆಡಲ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಪದೇ ಪದೇ ಪಂಪ್ ಮಾಡಬೇಡಿ, ಒತ್ತಿದಾಗಲೆಲ್ಲ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ.

ಗಾಳಿ ಸೋರಿಕೆ ನೋಡಲು ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಕಾರ್ಬುರೇಟರ್ ಅಡಿಯ ಗ್ಯಾಸ್ಕೆಟ್, ವ್ಯಾಕ್ಯೂಮ್ ಪೈಪ್‌ಗಳ ಮೇಲೆ ನೀರು ಚಿಮುಕಿಸಿ, ವೈರ್‌ಗಳಿಗೆ ತಾಗದಂತೆ. ಎಂಜಿನ್ ಸದ್ದು ಬದಲಾದ ಜಾಗದಲ್ಲಿ ಸೋರಿಕೆ ಇದೆ. ಇದಕ್ಕೆ ಕ್ಲೀನರ್ ಸ್ಪ್ರೇ ಬಳಸುವವರೂ ಇದ್ದಾರೆ. ಬಿಸಿ ಎಕ್ಸಾಸ್ಟ್ ಪಕ್ಕದಲ್ಲಿ ಅದು ನನಗೆ ಹಿಡಿಸದ ಕೆಲಸ.

ಮಿಕ್ಸ್ಚರ್ ಸ್ಕ್ರೂ ಮುಟ್ಟುವುದಿದ್ದರೆ ಮೊದಲು ಅದನ್ನು ಹಗುರವಾಗಿ ಒಳಗೆ ತಿರುಗಿಸಿ, ಎಷ್ಟು ಸುತ್ತು ತಿರುಗಿದ ಮೇಲೆ ತಳಕ್ಕೆ ತಾಗಿತು ಎಂದು ಎಣಿಸಿ ಬರೆದಿಟ್ಟುಕೊಳ್ಳಿ. ಬಿಗಿದರೆ ಸೂಜಿಯ ತುದಿ ಹಾಳು. ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ತುಂಡು) ಕಟ್ಟಿದ್ದರೆ ಸ್ಪ್ರೇ ಮತ್ತು ಗಾಳಿಯಿಂದ ಊದಿ. ತಂತಿ, ಗುಂಡುಪಿನ್ನು ಹಾಕಿದರೆ ತೂತು ದೊಡ್ಡದಾಗಿ ಮೈಲೇಜ್ ಶಾಶ್ವತವಾಗಿ ಹೋಗುತ್ತದೆ.

## ಹಂತ 8: ಬಿಸಿಯಾದ ಮೇಲೆ ಮಾತ್ರ ನಿಲ್ಲುವ ಗಾಡಿ

ಇದು ಎಲ್ಲಕ್ಕಿಂತ ತಲೆ ತಿನ್ನುವ ಜಾತಿ. ಗ್ಯಾರೇಜ್ ತಲುಪುವಷ್ಟರಲ್ಲಿ ಎಂಜಿನ್ ತಣ್ಣಗಾಗಿ ಎಲ್ಲ ಸರಿ ಹೋಗಿರುತ್ತದೆ. ನಿಂತ ಜಾಗದಲ್ಲೇ, ನಿಂತ ಐದು ನಿಮಿಷದೊಳಗೇ ಹಂತ 3 ಮಾಡಬೇಕು. ಅದಕ್ಕೇ ಒಂದು ಹಳೆ ಪ್ಲಗ್, ಸ್ಪ್ಯಾನರ್, ಇಕ್ಕಳ ಡಿಕ್ಕಿಯಲ್ಲೇ ಇರಲಿ.

ಸ್ಪಾರ್ಕ್ ಇಲ್ಲದಿದ್ದರೆ ಕಾಯಿಲ್, ಕಂಡೆನ್ಸರ್ ಅಥವಾ ಇಗ್ನಿಷನ್ ಮಾಡ್ಯೂಲ್ ಬಿಸಿಗೆ ಕೈಕೊಡುತ್ತಿದೆ. ಕಾಯಿಲ್ ಮೇಲೆ ನೆನೆಸಿ ಹಿಂಡಿದ ಬಟ್ಟೆ ಇಡಿ, ಟರ್ಮಿನಲ್‌ಗೆ ನೀರು ತಾಗದಿರಲಿ. ಹತ್ತು ನಿಮಿಷದಲ್ಲಿ ಸ್ಪಾರ್ಕ್ ವಾಪಸ್ ಬಂದರೆ ಆರೋಪಿ ಸಿಕ್ಕಂತೆ.

ಸ್ಪಾರ್ಕ್ ಇದ್ದು ಪ್ಲಗ್ ಒಣಗಿದ್ದರೆ ವೇಪರ್ ಲಾಕ್. ಪಂಪ್ ಮತ್ತು ಪೈಪಿನಲ್ಲಿ ಪೆಟ್ರೋಲ್ ಆವಿಯಾಗಿ, ಪಂಪ್ ಆವಿಯನ್ನು ತಳ್ಳಲಾರದೆ ಸೋಲುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಶಿರಾಡಿ ಅಥವಾ ಚಾರ್ಮಾಡಿ ಘಾಟಿ ಲೋ ಗೇರ್‌ನಲ್ಲಿ ಹತ್ತಿ ಟ್ರಾಫಿಕ್‌ನಲ್ಲಿ ನಿಂತಾಗ ಆಗುವುದು ಇದು. ಪಂಪ್ ಮೇಲೆ ಒದ್ದೆ ಬಟ್ಟೆ ಹಾಕುವ ಹಳೆ ಡ್ರೈವರ್‌ಗಳ ಉಪಾಯ ನಿಜಕ್ಕೂ ಕೆಲಸ ಮಾಡುತ್ತದೆ. ಆದರೆ ಅದು ಮನೆ ಸೇರಲು ಮಾತ್ರ. ಪೈಪ್ ಎಕ್ಸಾಸ್ಟ್‌ಗೆ ಹತ್ತಿರ ಸರಿದಿದೆಯೇ, ಬಿಸಿ ತಡೆಯುವ ತಗಡು ಕಳಚಿ ಹೋಗಿದೆಯೇ, ಪೆಟ್ರೋಲ್ ಟ್ಯಾಂಕಿಗೆ ಮರಳುವ ಪೈಪ್ ಕಟ್ಟಿದೆಯೇ, ರೇಡಿಯೇಟರ್ ಫ್ಯಾನ್ ಹೊತ್ತಿಗೆ ಸರಿಯಾಗಿ ತಿರುಗುತ್ತಿದೆಯೇ ನೋಡಿ.

ಸ್ಪಾರ್ಕ್ ಇದ್ದು ಪ್ಲಗ್ ಒದ್ದೆ ಇದ್ದರೆ, ನಿಲ್ಲಿಸಿದ ಮೇಲೆ ಫ್ಲೋಟ್ ಚೇಂಬರಿನ ಪೆಟ್ರೋಲ್ ಕುದಿದು ಎಂಜಿನ್‌ಗೆ ಸುರಿದಿದೆ. ರೇಸ್ ಪೂರ್ತಿ ಒತ್ತಿ ಸ್ಟಾರ್ಟ್ ಮಾಡಿ.

## ಎಂಪಿಎಫ್‌ಐ ಗಾಡಿಯಾದರೆ

ಹಂತ 1ರಿಂದ 3 ಇದೇ. ಆಮೇಲೆ ದಾರಿ ಬೇರೆ. ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕಡೆಯಿಂದ ಪಂಪ್ ಎರಡು ಮೂರು ಸೆಕೆಂಡ್ 'ಗುಂಯ್' ಅನ್ನಬೇಕು. ಸದ್ದಿಲ್ಲದಿದ್ದರೆ ಫ್ಯೂಸ್, ರಿಲೇ, ಆಮೇಲೆ ಪಂಪ್. ಈ ಪೈಪ್‌ಗಳಲ್ಲಿ ಒತ್ತಡ ಬಹಳ. ಪಂಪ್ ಫ್ಯೂಸ್ ಕಿತ್ತು, ಎಂಜಿನ್ ತಾನಾಗಿ ಸಾಯುವ ತನಕ ಓಡಿಸಿದ ಮೇಲೆಯೇ ಪೈಪ್ ಬಿಚ್ಚಿ. ಚೆಕ್ ಎಂಜಿನ್ ಲೈಟ್ ಉರಿದರೆ ಕೋಡ್ ಓದಿಸಿ. ಪಂಪ್ ಸದ್ದು ಇದ್ದು ಸ್ಪಾರ್ಕೂ ಇಲ್ಲ, ಇಂಜೆಕ್ಟರೂ ಕೆಲಸ ಮಾಡುತ್ತಿಲ್ಲ ಅಂದರೆ ಎರಡಕ್ಕೂ ಸಂಬಂಧಪಟ್ಟ ಕ್ರ್ಯಾಂಕ್ ಅಥವಾ ಕ್ಯಾಮ್ ಸೆನ್ಸರ್ ಮೇಲೆ ಮೊದಲ ಅನುಮಾನ.

## ಇಲ್ಲಿಗೆ ನಿಲ್ಲಿಸಿ, ಮೆಕ್ಯಾನಿಕ್ ಹತ್ತಿರ ಹೋಗಿ

ಸ್ಪಾರ್ಕ್, ಪೆಟ್ರೋಲ್, ಟೈಮಿಂಗ್ ಮೂರೂ ಸರಿ ಇದ್ದು ಎಂಜಿನ್ ಓಡದಿದ್ದರೆ ಕಂಪ್ರೆಶನ್ ಅಳೆಸಿ. ಒಂದು ಸಿಲಿಂಡರ್ ಮಾತ್ರ ಬಹಳ ಕೆಳಗಿದ್ದರೆ ವಾಲ್ವ್ ಅಥವಾ ರಿಂಗ್. ಮೂರೂ ಕೆಳಗಿದ್ದು, ಸೆಲ್ಫ್ ಎಂದಿಗಿಂತ ಹಗುರವಾಗಿ ಜರ್ರನೆ ತಿರುಗುತ್ತಿದ್ದರೆ ಟೈಮಿಂಗ್ ಬೆಲ್ಟ್ ಹಾರಿರಬಹುದು ಅಥವಾ ತುಂಡಾಗಿರಬಹುದು. ಮತ್ತೆ ಸೆಲ್ಫ್ ಹೊಡೆಯಬೇಡಿ. ಸೈಲೆನ್ಸರ್‌ನಿಂದ ನಿಲ್ಲದ ಬಿಳಿ ಹೊಗೆ ಬಂದು, ರೇಡಿಯೇಟರ್ ನೀರು ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್.

ಗ್ಯಾರೇಜಿಗೆ ಹೋಗುವಾಗ ಹಂತ 1ರ ಚೀಟಿ, ಬಿಚ್ಚಿದ ಪ್ಲಗ್‌ಗಳು, ಪೆಟ್ರೋಲ್ ಹಿಡಿದ ಬಾಟಲಿಯ ಫೋಟೋ ಜೊತೆಗಿರಲಿ. ಪ್ಲಗ್‌ಗಳನ್ನು ಒರೆಸದೆ, ಯಾವುದು ಎಷ್ಟನೇ ಸಿಲಿಂಡರಿನದ್ದು ಎಂದು ಟೇಪ್ ಅಂಟಿಸಿ ಒಯ್ಯಿರಿ. 'ಟ್ಯೂನಿಂಗ್ ಮಾಡಿ' ಎಂದು ಕೀ ಕೊಟ್ಟು ಬರಬೇಡಿ. 'ಬಿಸಿಯಾದಾಗ ಸ್ಪಾರ್ಕ್ ಹೋಗ್ತಿದೆ, ಪೆಟ್ರೋಲ್ ಸರಿ ಇದೆ' ಎಂದು ಹೇಳಿ. ಬದಲಾಯಿಸಿದ ಹಳೆ ಪಾರ್ಟ್‌ಗಳನ್ನು ಕೇಳಿ ವಾಪಸ್ ತಗೊಳ್ಳಿ. ಹಳೆಯ ಅಸಲಿ ಕಾಯಿಲ್ ಅಥವಾ ಡೆಲ್ಕೋ ಕ್ಯಾಪ್ ಚೆನ್ನಾಗಿದ್ದರೆ ಡಿಕ್ಕಿಯಲ್ಲಿ ಸ್ಪೇರ್ ಆಗಿ ಇಟ್ಟುಕೊಳ್ಳಬಹುದು.